ಕರಿಹಳ್ಳಕ್ಕೆ ಅಡ್ಡ ನಿಂತ ಪುಟ್ಟಮಾದಮ್ಮ

ಮುತ್ತುಗದಕೊಪ್ಪಲಿನಲ್ಲಿ ಪುಟ್ಟಮಾದಮ್ಮನ ಬಾಯಿಂದ ‘ಹೂಂ’ ಎಂಬ ಮಾತು ಕೇಳಿದವರು ಯಾರೂ ಇರಲಿಲ್ಲ. ಧಾರೆ ಎರೆಯುವ ಹೊತ್ತಿನಲ್ಲೂ ಆಕೆ ತಲೆಯಾಡಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಆ ತಲೆಯಾಟ ಒಪ್ಪಿಗೆಗೋ, ಮೂಗಿನ ಮೇಲಿನ ನೊಣ ಓಡಿಸುವುದಕ್ಕೋ ಎಂಬುದು ಗಂಡ ನಿಂಗಯ್ಯನಿಗೆ ತಲೆ ನರೆತರೂ ಖಾತ್ರಿಯಾಗಲಿಲ್ಲ. ಹೆಸರಿನಲ್ಲಿ ಪುಟ್ಟ ಇದ್ದರೂ ಆಳು ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಹಳ್ಳದ ಈ ದಡದಲ್ಲಿ ನಿಂತು ತನ್ನ ಎಮ್ಮೆಗೆ ಬೈದರೆ ಆ ದಡದಲ್ಲಿ ಮೇಯುತ್ತಿದ್ದ ಪರರ ಎಮ್ಮೆಗಳೂ ತಪ್ಪೊಪ್ಪಿಕೊಂಡು ಮನೆಗೆ ಹೊರಡುತ್ತಿದ್ದವು.

ಮಹಾರಾಜರ ಕಾಲ. ವೀರನಹೊಸಹಳ್ಳಿಯಿಂದ ಕಾಡಿನಂಚು ಹಿಡಿದು ನಡೆದರೆ ಸಿಗುತ್ತಿದ್ದ ಊರು ಅದು. ಊರಿನ ಬೆನ್ನಿಗೆ ಕಾಡು, ಮಗ್ಗುಲಿಗೆ ಕರಿಹಳ್ಳ. ಹಳ್ಳ ಹೆಸರಿಗೆ ತಕ್ಕಂತೆ ಕಪ್ಪಗೇ ಇತ್ತು. ಕೊಳೆತ ಎಲೆಗಳ ಮೇಲೆ ಹಾದು ಬಂದ ನೀರಿಗೆ ಹಾಲು ಹಾಕದ ಕಾಫಿಯ ಬಣ್ಣ. ಮೇಲೆ ಎಂಥ ಮಳೆ ಹೊಡೆದರೂ ಅದಕ್ಕೆ ಆತುರವಿರಲಿಲ್ಲ. ಮಳೆ ಮೊದಲು ತುದಿಯ ಎಲೆಗೆ ಬೀಳಬೇಕು, ಅಲ್ಲಿಂದ ಕೆಳಗಿನ ಎಲೆಗೆ, ಅಲ್ಲಿಂದ ಕಾಂಡಕ್ಕೆ, ಕಾಂಡದಿಂದ ತರಗೆಲೆಗೆ, ತರಗೆಲೆಯಿಂದ ಬೇರಿಗೆ. ಸರ್ಕಾರಕ್ಕೆ ಕೊಟ್ಟ ಅರ್ಜಿಯ ಹಾಗೆ ಮೇಜಿನಿಂದ ಮೇಜಿಗೆ ತಂಗಿ ತಂಗಿ ಇಳಿಯುತ್ತಿದ್ದುದರಿಂದ ಆರಿದ್ರಾ ಮಳೆಯ ನೀರು ಶಿವರಾತ್ರಿಯವರೆಗೂ ಹರಿದು ಲಕ್ಷ್ಮಣತೀರ್ಥ ನದಿಯನ್ನು ಸೇರುತ್ತಿತ್ತು. ಅರ್ಜಿಗೂ ಇದಕ್ಕೂ ಒಂದೇ ವ್ಯತ್ಯಾಸ: ಇದು ತಪ್ಪದೆ ಬಂದು ತಲುಪುತ್ತಿತ್ತು.

ಹಳ್ಳದ ತಿರುವಿನಲ್ಲಿ ಪುಟ್ಟಮಾದಮ್ಮನ ಗದ್ದೆ. ಆಕೆ ಸೊಸೆಯಾಗಿ ಬಂದಾಗ ಅದು ಗದ್ದೆಯಲ್ಲ, ಆಪುಹುಲ್ಲು ಬೆಳೆದ ಜೌಗು. “ಅಲ್ಲಿ ಕಪ್ಪೆ ಬುಟ್ರೆ ಇನ್ನೇನೂ ಬೆಳೆಯಾಕಿಲ್ಲ” ಎಂದರು ಅತ್ತೆ. ಅಷ್ಟು ಸಾಕಾಯಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಗೋಡುಮಣ್ಣನ್ನು ಹೊತ್ತು ಹೊಲಕ್ಕೆ ಹರಡುವುದು ಆ ಸೀಮೆಯ ವಾಡಿಕೆ. ಮೊದಲ ಮಂಕರಿ ಬುಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಅದರಿಂದ ಒಂದು ಹಿಡಿ ಮಣ್ಣನ್ನು ಕೆರೆಗೇ ಹಿಂದಕ್ಕೆ ಹಾಕಿ, ಆಮೇಲೆ ಹೊರಬೇಕು. ಕೊಟ್ಟವರ ಮಡಿಲು ಬರಿದು ಮಾಡಬಾರದೆಂದು ಹಿರಿಯರು ಮಾಡಿದ ಕಟ್ಟಳೆ. ಪುಟ್ಟಮಾದಮ್ಮ ವರ್ಷ ವರ್ಷವೂ ಮಂಕರಿ ಹೊತ್ತು ಜೌಗನ್ನು ಗದ್ದೆ ಮಾಡಿದಳು. ಮುದ್ದೆಯೇ ಮೂರು ಹೊತ್ತಿನ ದೇವರಾಗಿದ್ದ ಊರಿನಲ್ಲಿ ಅವಳ ಮನೆಯಲ್ಲಿ ಹಬ್ಬವಿಲ್ಲದ ದಿನವೂ ಅನ್ನ ಬೇಯುತ್ತಿತ್ತು. ಅತ್ತೆ ಕೊನೆಗಾಲದಲ್ಲಿ ಆ ಗದ್ದೆಯ ಗಂಜಿಯನ್ನೇ ಕುಡಿದು ಕಣ್ಣು ಮುಚ್ಚಿದರು. ಬಡಿಸುವಾಗ ಸೊಸೆ “ಕಪ್ಪೆ ಸಾರು ಬ್ಯಾಡ್ವಾ ಅತ್ತೆ?” ಎಂದು ಕೇಳಿದ್ದಳಂತೆ.

ಇದೆಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ರೈಲು ಹಾದಿಯ ಹಳಿಯಡಿಗೆ ಸ್ಲೀಪರುಗಳು ಬೇಕೆಂದು ಮೇಲಿನ ಇಳಿಜಾರಿನ ಮರಗಳು ಹರಾಜಾದವು. ಹಿಡಿದವನು ಹುಣಸೂರಿನ ಕಂಟ್ರಾಕ್ಟರ್ ಸೋಮಯ್ಯ. ಕಡಿಯಬೇಕಾದದ್ದು ಗುರುತು ಹಾಕಿದ ಮತ್ತಿ ಮತ್ತು ಹೊನ್ನೆ ಮಾತ್ರ, ಹಳ್ಳದ ಅಂಚಿನದನ್ನು ಮುಟ್ಟುವಂತಿರಲಿಲ್ಲ. ಆದರೆ ಸೋಮಯ್ಯನ ಕೊಡಲಿಗಳಿಗೆ ಗುರುತು ಹುಡುಕುವಷ್ಟು ವ್ಯವಧಾನವಿರಲಿಲ್ಲ. ಇಳಿಜಾರು ಬೋಳಾಯಿತು. ದಿಮ್ಮಿಗಳು ಎತ್ತಿನ ಗಾಡಿ ಹತ್ತಿ ಹೋದವು. ಕೊಂಬೆ ರೆಂಬೆ ಬಿದ್ದಲ್ಲೇ ಬಿದ್ದಿದ್ದವು.

ಮುಂದಿನ ಮುಂಗಾರಿನಲ್ಲಿ ಕರಿಹಳ್ಳ ಕೆಂಪಗೆ ಬಂತು. ಬೆಳಿಗ್ಗೆ ಮಳೆ ಹೊಯ್ದರೆ ಮಧ್ಯಾಹ್ನಕ್ಕೆ ಎದೆಮಟ್ಟ ನೀರು, ಮಾರನೆಯ ದಿನಕ್ಕೆ ಮೊಣಕಾಲಿಗೆ. ಊರವರು ಹೆದರಲಿಲ್ಲ, ಹಿಗ್ಗಿದರು. ಆ ಕೆಂಪು ನೀರು ನಿಂತಲ್ಲೆಲ್ಲ ಬೆಣ್ಣೆಯಂಥ ಮಣ್ಣು ಬಿಟ್ಟು ಹೋಗಿತ್ತು.

“ಕಾಡೇ ಗೋಡು ಹೊತ್ಕಂಡು ಮನೆ ಬಾಗ್ಲಿಗೆ ಬಂದದೆ ಕಣ್ರಮ್ಮಿ!” ಎಂದು ಊರಿಗೆಲ್ಲ ಸಾರಿದವಳು ಪುಟ್ಟಮಾದಮ್ಮನೇ. ತನ್ನ ಗದ್ದೆಯ ಬದುವನ್ನು ಸ್ವಂತ ಕೈಯಿಂದ ಒಡೆದು ಕೆಂಪು ನೀರನ್ನು ಒಳಗೆ ಕರೆದುಕೊಂಡಳು. ಕೆರೆಯಿಂದ ಹೊರುವ ಕೆಲಸ ತಪ್ಪಿದ ಸಂಭ್ರಮದಲ್ಲಿ ಅರಿಶಿನ ಕುಂಕುಮದ ನೆನಪಾಗಲಿಲ್ಲ, ಹಿಡಿ ಮಣ್ಣು ಹಿಂದಕ್ಕೆ ಹಾಕುವ ನೆನಪಂತೂ ಯಾರಿಗೂ ಆಗಲಿಲ್ಲ. ಹರಿದು ಹೋಗುವ ಹಳ್ಳಕ್ಕೆ ಹಿಂದಕ್ಕೆ ಕೊಡುವುದಾದರೂ ಹೇಗೆ? ಆ ವರ್ಷ ಭತ್ತ ಎದೆಯುದ್ದ ಬೆಳೆಯಿತು. ಪಕ್ಕದ ಮನೆಯ ಚಿಕ್ಕಸಿದ್ದಮ್ಮನ ಹೊಲ ಇನ್ನೂ ಕೆಳಗಿತ್ತು, ಅವಳ ರಾಗಿಯೂ ಚೆನ್ನಾಗೇ ಬಂದಿತ್ತು. ಆದರೂ ಪುಟ್ಟಮಾದಮ್ಮ ದಿನಾ ಬೇಲಿಯಲ್ಲಿ ನಿಂತು, “ಸಿದ್ದಿ, ನನ್ ಭತ್ತದೊಳಕ್ಕೆ ಎಮ್ಮೆ ಒಕ್ಕೊಂಡ್ರೆ ಕೊಂಬು ಕಾಣಾಕಿಲ್ಲ ಕಣೆ, ವಸಿ ಹುಡುಕಿಕೊಡು” ಎಂದು ಅವಳ ಹೊಟ್ಟೆ ಉರಿಸುತ್ತಿದ್ದಳು.

ಮರುವರ್ಷ ಮಳೆ ಬರುವ ಮೊದಲೇ ಬದು ಒಡೆದು ಕಾದಳು. ಬಾಗಿಲು ತೆರೆದಿಟ್ಟರೆ ಬಂದವರೆಲ್ಲ ನೆಂಟರೇ ಎಂಬ ನಂಬಿಕೆ. ಆರಿದ್ರಾ ಹಿಡಿಯಿತು. ಜಲ ಬರಬೇಕಾದಲ್ಲಿ ಜಲ್ಲಿ ಬಂತು. ಕಲ್ಲು, ಬಿಳಿ ಮರಳು, ಬೇರಿನ ತುಂಡು ಎಲ್ಲ ಗುಡುಗುಡು ಉರುಳಿ ಬಂದು, ತೆರೆದ ಬದುವಿನಿಂದ ಒಳನುಗ್ಗಿ, ವರ್ಷ ವರ್ಷ ಹೊತ್ತು ಹಾಕಿದ್ದ ಗೋಡನ್ನು ಹೂತು ಹಾಕಿತು. ಗೋಡು ಹೋಗಿ ಗೋಳು ಉಳಿಯಿತು. ಮಳೆ ನಿಂತ ಮೇಲೆ ಹಳ್ಳದಲ್ಲಿ ನೀರೂ ಉಳಿಯಲಿಲ್ಲ. ದೀಪಾವಳಿಗೆ ಎಣ್ಣೆ ಸ್ನಾನಕ್ಕೆ ನೀರು ಹಿಡಿಯಲು ಹೋದವರು ಒಣ ಕಲ್ಲುಗಳನ್ನು ನೋಡಿಕೊಂಡು ಬಂದರು.

ಸೋಮಯ್ಯ ಬಂದು ಗದ್ದೆಯ ಅಂಚಿನಲ್ಲಿ ನಿಂತ. ಗಾಡಿ ಹಾದಿ ಅಲ್ಲೇ ಹಾದು ಹೋಗುತ್ತಿತ್ತು. “ನಿಂಗಯ್ಯ, ಇದಿನ್ನು ಗದ್ದೆ ಅಲ್ಲ. ಗಟ್ಟಿ ನೆಲ ಆಗದೆ. ನಂಗೆ ಕೊಟ್ಬುಡು, ದಿಮ್ಮಿ ಪೇರಿಸ್ಕೋತೀನಿ. ನಿಂಗೂ ಬೇಜಾರಿಲ್ಲ, ನಂಗೂ ಅನುಕೂಲ.”

ನಿಂಗಯ್ಯ ಮಾತನ್ನು ಎಲೆಯಡಿಕೆಯ ಚೀಲದಲ್ಲಿ ಕಟ್ಟಿಟ್ಟುಕೊಂಡ ಮನುಷ್ಯ. ಬಹಳ ಹೊತ್ತು ಅಡಿಕೆ ಅಗಿದು, ಹೆಂಡತಿಯ ಮುಖ ನೋಡದೆ ಹೇಳಿದ: “ಇನ್ನೊಂದು ಮುಂಗಾರು ನೋಡನ. ಮುಂದ್ಲ ಮಳೇಲೂ ಜಲ್ಲಿ ತುಂಬಿದ್ರೆ ಕೊಟ್ಬುಡ್ತೀನಿ.”

“ನಾನು ಕೊಡಾಕಿಲ್ಲ” ಎಂದಳು ಪುಟ್ಟಮಾದಮ್ಮ.

“ಮಾತು ಆಡಾಯ್ತು ಕಣಮ್ಮಿ.”

“ಆಡ್ದೋನು ನೀನು. ಅಡ್ಡ ಬರೋಳು ನಾನು.”

ಮಾರನೆಯ ಬೆಳಿಗ್ಗೆ ಆಕೆ ಇಳಿಜಾರು ಹತ್ತಿದಳು. ಇಷ್ಟೊಂದು ಮಣ್ಣು ಕೊಟ್ಟ ಕಾಡಿನಲ್ಲಿ ಇನ್ನೆಷ್ಟು ಉಳಿದಿದೆಯೋ ನೋಡಬೇಕಾಗಿತ್ತು. ಅಷ್ಟೆತ್ತರದ ಮರಗಳು ನಿಂತಿದ್ದ ಮೇಲೆ ಕೆಳಗೆ ಬಾವಿಯಾಳದ ಮಣ್ಣಿರಲೇಬೇಕು ಎಂದು ಊರೆಲ್ಲ ನಂಬಿತ್ತು. ನೋಡಿದರೆ, ಕಡಿಯದೆ ಉಳಿದಿದ್ದ ಒಂದು ಹೊನ್ನೆಯ ಬುಡದಲ್ಲಿ ಕಪ್ಪು ಮಣ್ಣು ಗೇಣು ಆಳವೂ ಇರಲಿಲ್ಲ. ಕೆಳಗೆಲ್ಲ ಜಂಬಿಟ್ಟಿಗೆ ಕಲ್ಲು, ಜಲ್ಲಿ. ಮರ ಎಲೆ ಉದುರಿಸಿ ಮಣ್ಣು ಮಾಡಿಕೊಂಡು, ಆ ಮಣ್ಣನ್ನೇ ಉಂಡು, ಮತ್ತೆ ಎಲೆ ಬಿಡುತ್ತಿತ್ತು. ಕೈಯಿಂದ ಬಾಯಿಗೆ ನಡೆಯುವ ಸಂಸಾರ, ಥೇಟು ನಮ್ಮ ಮನೆ ಹಾಗೆ, ಎಂದುಕೊಂಡಳು. ಉಳಿದ ಕಡೆ ಮೇಲುಮಣ್ಣೆಲ್ಲ ಒಂದೇ ಮಳೆಗಾಲಕ್ಕೆ ಇಳಿದುಹೋಗಿ ಬೇರುಗಳು ಮೂಳೆಯಂತೆ ಮೇಲೆದ್ದಿದ್ದವು. ಅದಷ್ಟೂ ಎಲ್ಲಿಗೆ ಹೋಯಿತೆಂದು ಅವಳಿಗೆ ಗೊತ್ತಿತ್ತು. ಎದೆಯುದ್ದದ ಭತ್ತವಾಗಿ ಅವಳ ಕಣಜಕ್ಕೇ ಬಂದಿತ್ತು.

“ಒಂದಿಡೀನೂ ಹಿಂದಕ್ಕೆ ಆಕ್ನಿಲ್ವಲ್ಲ” ಎಂದು ಆ ಬೋಳು ಇಳಿಜಾರಿಗೆ ಹೇಳಿದಳು. ಅಲ್ಲಿಂದ ಶುರುವಾಯಿತು.

ಕೆರೆ ಬತ್ತಿದ್ದೇ ತಡ, ಎಲ್ಲರೂ ಗೋಡು ಹೊತ್ತು ಊರ ಕಡೆ ಬರುತ್ತಿದ್ದರೆ ಪುಟ್ಟಮಾದಮ್ಮ ಗೋಡು ಹೊತ್ತು ಕಾಡಿನ ಕಡೆ ಹೊರಟಳು. ಮಂಕರಿ ಮೇಲೆ ಮಂಕರಿ ಇಳಿಜಾರಿಗೆ ಸುರಿದಳು. ಊರು ಮೊದಲು ಬೆರಗಾಯಿತು, ಆಮೇಲೆ ನಕ್ಕಿತು.

“ಅಕ್ಕೋ, ಕಾಡ್ಗೆ ಬಾಗಿನ ಕೊಡಾಕೆ ಹೊಂಟ್ಯಾ?” ಎಂದಳು ಚಿಕ್ಕಸಿದ್ದಮ್ಮ.

“ಹೊಂಟೆ. ನೀನೂ ತಿಂದಿದ್ದೀಯ, ಬಾ.”

“ನಂಗೆ ತಲೆ ಕೆಟ್ಟಿಲ್ಲ ಕಣಕ್ಕ.”

“ಕೆಡಾಕೆ ಇರ್ಬೇಕಲ್ಲ!”

ಚೈತ್ರ ಮುಗಿಯುತ್ತಿದ್ದಂತೆ ಒಂದು ಅಡ್ಡಮಳೆ ಬಂತು. ಪುಟ್ಟಮಾದಮ್ಮ ಹೊತ್ತು ಹಾಕಿದ್ದ ಗೋಡೆಲ್ಲ ಅರೆಗಳಿಗೆಯಲ್ಲಿ ಕರಗಿ ಹಳ್ಳ ಸೇರಿತು. ಚಿಕ್ಕಸಿದ್ದಮ್ಮ ಬೇಲಿಗೆ ಬಂದು, “ಅಕ್ಕ, ನಿನ್ ಮಣ್ಣು ನಿನ್ ಹಿಂದೇನೇ ಮನೆಗೆ ಬಂದುಬುಡ್ತಲ್ಲ! ತವರು ಬುಟ್ಟಿರಾಕಾಗ್ನಿಲ್ಲ ಅಂತ ಕಾಣುತ್ತೆ” ಎಂದು ಒಂದು ವರ್ಷದ ಬಾಕಿಯನ್ನೆಲ್ಲ ತೀರಿಸಿಕೊಂಡಳು.

ಪುಟ್ಟಮಾದಮ್ಮ ಮಂಕರಿಯನ್ನು ಮತ್ತೆ ತಲೆಗೇರಿಸಿದಳು. ಆ ಸಿಟ್ಟಿಗೇ ಇಳಿಜಾರು ಹತ್ತಿದಳು. ಹಾಕಿದ ಗುಡ್ಡೆಗಳ ಗುರುತೂ ಇರಲಿಲ್ಲ, ಒಂದನ್ನು ಬಿಟ್ಟು. ಅಲ್ಲಿ ಸೋಮಯ್ಯನ ಆಳುಗಳು ಬಿಟ್ಟು ಹೋಗಿದ್ದ ಮತ್ತಿಯ ರೆಂಬೆಯೊಂದು ಇಳಿಜಾರಿಗೆ ಅಡ್ಡಲಾಗಿ ಬಿದ್ದಿತ್ತು. ಅದರ ಹಿಂದೆ ಮಣ್ಣು ಮಗುವಿನ ಹಾಗೆ ಅವಿತು ಕೂತಿತ್ತು. ಮೇಲಿನಿಂದ ಬಂದ ಜಲ್ಲಿಯೂ ತರಗೂ ಅಲ್ಲೇ ತಂಗಿದ್ದವು. ಉದ್ದಕ್ಕೆ ಬಿದ್ದ ರೆಂಬೆಗಳ ಮಗ್ಗುಲಲ್ಲಿ ನೀರು ಮಾತ್ರ ಕಾಲುವೆ ತೋಡಿಕೊಂಡು ಓಡಿತ್ತು.

ಅವಳು ಮಂಕರಿ ಕೆಳಗಿಟ್ಟು, ಉದ್ದಕ್ಕೆ ಬಿದ್ದಿದ್ದ ಕೊಂಬೆಯೊಂದರ ತುದಿ ಹಿಡಿದು ಎಳೆದು ಅಡ್ಡ ಮಾಡಿದಳು. ಇನ್ನೊಂದನ್ನು ಎಳೆದಳು. ಗೂಟ ಬಡಿದು, ಕೊಂಬೆಗೆ ಕೊಂಬೆ ಹೆಣೆದು, ಸಂದಿಗೆ ಕಲ್ಲು ತುರುಕಿದಳು. ಊರಿಗೆ ಇದು ಹೊಸ ತಮಾಷೆ. ಉದ್ದ ಇದ್ದದ್ದನ್ನು ಅಡ್ಡ ಮಾಡುವ ಉದ್ಧಟತನ ಎಂದು ಅರಳಿಕಟ್ಟೆಯಲ್ಲಿ ತೀರ್ಮಾನವಾಯಿತು. ನಿಂಗಯ್ಯ ಕೆಲವು ದಿನ ಅರಳಿಕಟ್ಟೆಯ ದಾರಿಯನ್ನೇ ಬಿಟ್ಟು ಸುತ್ತು ಬಳಸಿ ಓಡಾಡಿದ. ಒಂದು ಬೆಳಿಗ್ಗೆ ದೊಡ್ಡ ಕೊಂಬೆಯೊಂದು ಅವಳ ಎಳೆತಕ್ಕೆ ಜಗ್ಗದೆ ನಿಂತಿದ್ದಾಗ ಇನ್ನೊಂದು ತುದಿ ತಾನಾಗಿ ಎದ್ದಿತು. ತಿರುಗಿ ನೋಡಿದರೆ ನಿಂಗಯ್ಯ.

“ಯಾಕ್ ಬಂದೆ?”

“ಸುತ್ಕಂಡು ಓಡಾಡಿ ಕಾಲು ನೋಯ್ತಾವೆ” ಎಂದ. “ಇದೇ ಹತ್ರ.”

ಹೀಗೆ ಗಂಡ ಹೆಂಡಿರು ಸಾಲಿನ ಮೇಲೆ ಸಾಲು ಹೆಣೆಯುತ್ತಿರುವಾಗ ಕಾಡಿನ ಗಾರ್ಡ್ ಮುದ್ದಯ್ಯ ಬಂದ. ಖಾಕಿ ಟೊಪ್ಪಿಯ ಕೆಳಗೆ ಒಳ್ಳೆಯ ಮನುಷ್ಯ; ಟೊಪ್ಪಿ ತಲೆಯ ಮೇಲಿದ್ದಷ್ಟು ಹೊತ್ತು ಮಾತ್ರ ಆ ಒಳ್ಳೆಯತನವನ್ನು ತೋರಿಸಿಕೊಳ್ಳುತ್ತಿರಲಿಲ್ಲ. ಜೊತೆಗೆ ಸೋಮಯ್ಯ. ರೆಂಬೆಗಳನ್ನೆಲ್ಲ ಇದ್ದಿಲು ಸುಡುವವರಿಗೆ ಒಪ್ಪಿಸುತ್ತೇನೆಂದು ಮಾತು ಕೊಟ್ಟಿದ್ದನಂತೆ.

“ಪುಟ್ಟಮಾದಮ್ಮ, ರೇಂಜರ್ ಸಾಹೇಬ್ರ ಹತ್ರ ನಡಿ” ಎಂದ ಮುದ್ದಯ್ಯ.

“ನಡೀರಿ ಮುದ್ದಯ್ಯೋರೆ. ನಾನೂ ಅವರನ್ನ ನೋಡಿಲ್ಲ.”

ನಿಂಗಯ್ಯನೂ ಹಿಂದೆಯೇ ಹೊರಟ. ವೀರನಹೊಸಹಳ್ಳಿಯ ಬಂಗಲೆಯ ಜಗಲಿಯಲ್ಲಿ ರೇಂಜರ್ ಸಾಹೇಬರು ಮಳೆ ಅಳೆಯುವ ಗಾಜಿನ ಕೊಳವೆಯನ್ನು ಒರೆಸುತ್ತ ಕೂತಿದ್ದರು. “ಏನು ಕೇಸು?” ಎಂದರು.

“ಮಣ್ಣು ಸ್ವಾಮಿ” ಎಂದ ಮುದ್ದಯ್ಯ.

“ಕಾಡಿನ ಮಣ್ಣು ಕದ್ದಳೇ?”

“ಇಲ್ಲ ಸ್ವಾಮಿ. ತಂದು ಹಾಕಿದಾಳೆ.”

ಸಾಹೇಬರು ಕೊಳವೆ ಕೆಳಗಿಟ್ಟರು. “ಮರ ಗಿರ?”

“ರೆಂಬೆ ಮುಟ್ಟವ್ಳೆ ಸ್ವಾಮಿ. ಆದ್ರೆ ಹೊತ್ಕೊಂಡೋಗಿಲ್ಲ. ಉದ್ದುದ್ದ ಬಿದ್ದಿದ್ದನ್ನ ಅಡ್ಡಡ್ಡ ತಿರುಗ್ಸವ್ಳೆ.”

“ಹಾಗಾದರೆ ಕಾಡಿನಿಂದ ಹೊರಗೆ ಹೋದದ್ದೇನಯ್ಯ?”

ಮುದ್ದಯ್ಯ ಪ್ರಾಮಾಣಿಕವಾಗಿ ಯೋಚಿಸಿದ. “ಅವಳೇ ಸ್ವಾಮಿ. ಸಾಯಂಕಾಲ ಮನೆಗೆ.”

ಸರ್ಕಾರದ ಕಾನೂನೆಲ್ಲ ಕಾಡಿನಿಂದ ಒಯ್ಯುವವರಿಗೆ ಇತ್ತು, ಕಾಡಿಗೆ ತರುವವರು ಇದ್ದಾರು ಎಂದು ಬರೆದವರಿಗೆ ಹೊಳೆದಿರಲಿಲ್ಲ. ಸಾಹೇಬರು ಗಡ್ಡ ಕೆರೆದುಕೊಳ್ಳುತ್ತಿರುವಾಗ ಸೋಮಯ್ಯ ಮುಂದೆ ಬಂದ. “ಸ್ವಾಮಿ, ಆ ರೆಂಬೆ ನನ್ನ ಸೊತ್ತು. ಹರಾಜಲ್ಲಿ ಹಿಡಿದಿದ್ದೀನಿ. ಅವಳಿಗೇನು ಹಕ್ಕು?”

“ಸೋಮಯ್ಯೋರೆ” ಎಂದಳು ಪುಟ್ಟಮಾದಮ್ಮ. ಬೈಗುಳದ ದನಿಯಲ್ಲ, ನೆಂಟರ ಮನೆಯಲ್ಲಿ ಊಟಕ್ಕೆ ಕರೆಯುವ ದನಿ. “ಆ ಇಳಿಜಾರ್ನಾಗೆ ಬಿದ್ದಿರೋದು ಎಲ್ಲ ನಿಮ್ದೇಯಾ?”

“ಎಲ್ಲ ನಂದೇ.”

“ಕಡ್ಡಿ ಕಸ, ಕಲ್ಲು ಎಲ್ಲವೂ?”

“ಕಡ್ಡಿ ಬಿಡದಂಗೆ ನಂದೇ ಅಂದ್ನಲ್ಲ!”

“ಅಂಗಾರೆ ನಿಮ್ ಜಲ್ಲಿ ನನ್ ಗದ್ದೇಲಿ ಕುಂತದೆ. ಎತ್ಕಂಡೋಗಿ. ಅದು ಹೋದ್ ದಿನ ರೆಂಬೆ ನಾನೇ ಹೊತ್ತು ನಿಮ್ ಗಾಡಿಗೆ ಆಕ್ತೀನಿ.”

ಮುದ್ದಯ್ಯ ಟೊಪ್ಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದುಕೊಂಡ. ಕೆಮ್ಮುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

“ನ್ಯಾಯವೇ” ಎಂದರು ಸಾಹೇಬರು. “ಈ ಕೊಳವೆಯ ಲೆಕ್ಕದಲ್ಲಿ ನೋಡಿದರೆ ಹೋದ ಸಲದ ಮಳೆ ಎಂದಿನಷ್ಟೇ ಬಿದ್ದದ್ದು. ಮಳೆ ಹೆಚ್ಚಿಲ್ಲದೆ ಹಳ್ಳ ಮಾತ್ರ ಯಾಕೆ ಹುಚ್ಚೆದ್ದಿತೋ ನಾನೂ ನೋಡಬೇಕಾಗಿದೆ. ಸೋಮಯ್ಯನವರೇ, ಆರಿದ್ರಾ ಹಿಡಿಯುವುದರೊಳಗೆ ಎರಡನ್ನೂ ತೆಗೆಸಿ. ಜಲ್ಲಿ ಮೊದಲು, ರೆಂಬೆ ಆಮೇಲೆ. ಹಾಗೇ ಹಳ್ಳದ ಅಂಚಿನ ಬೊಡ್ಡೆಗಳ ಮೇಲೆ ಗುರುತು ಎಲ್ಲಿದೆ ಎಂದು ನನಗೂ ತೋರಿಸಿ.”

ಬೊಡ್ಡೆಯ ಮಾತು ಬಂದದ್ದೇ ಸೋಮಯ್ಯನಿಗೆ ಹುಣಸೂರಿನಲ್ಲಿ ಅವಸರದ ಕೆಲಸ ನೆನಪಾಯಿತು. “ರೆಂಬೆ ಅಲ್ಲೇ ಬಿದ್ದಿರಲಿ ಬಿಡಿ ಸ್ವಾಮಿ, ಯಾರಿಗೆ ಬೇಕು” ಎಂದು ಕೋಟು ಕೊಡವಿದ. ಮೆಟ್ಟಿಲಿಳಿಯುವಾಗ ಮಾತ್ರ ನಿಂಗಯ್ಯನ ಕಿವಿಯ ಹತ್ತಿರ ಬಗ್ಗಿ, “ನಿನ್ ಮಾತು ನೆನಪಿರ್ಲಿ. ಜಲ್ಲಿ ಬಂದ್ರೆ ಗದ್ದೆ ನಂದು” ಎಂದು ಹೋದ.

“ನಿನಗೂ ಒಂದು ಮಾತು” ಎಂದರು ಸಾಹೇಬರು ಪುಟ್ಟಮಾದಮ್ಮನಿಗೆ. “ಅಪ್ಪಣೆಯಿಲ್ಲದೆ ಕಾಡಿಗೆ ಕಾಲಿಡಕೂಡದು.”

“ಅಪ್ಪಣೆ ಕೊಡಿ ಬುದ್ದಿ.”

“ಕೊಡದಿದ್ದರೆ?”

“ನಾಳೀಕೂ ಹೋಗ್ತೀನಿ. ಮುದ್ದಯ್ಯೋರು ನಾಳೀಕೂ ಹಿಡ್ಕಂಡು ಬರ್ಲಿ. ದಾರಿ ಅಭ್ಯಾಸ ಆಯ್ತದೆ.”

ಮುದ್ದಯ್ಯನ ಮುಖ ಬಾಡಿದ್ದನ್ನು ನೋಡಿ ಸಾಹೇಬರು ಅಪ್ಪಣೆ ಕೊಟ್ಟರು.

ಆರಿದ್ರಾ ಒಂದು ಬೆಳಿಗ್ಗೆ ಬೀಸಿ ಹೊಡೆಯಿತು. ಕೊಡಗಿನ ಕಡೆಯಿಂದ ಮೋಡ ಎಮ್ಮೆ ಹಿಂಡಿನಂತೆ ಬಂದು ಇಳಿಜಾರಿನ ಮೇಲೆ ಮಲಗಿತು. ಊರೆಲ್ಲ ಮಳೆಗೆ ಗೊರಗ ಹೊದ್ದು ಗದ್ದೆಯ ಅಂಚಿಗೆ ಬಂದು ನಿಂತಿತು. ಸೋಮಯ್ಯನೂ ಕೊಡೆ ಹಿಡಿದು ಬಂದಿದ್ದ. ಈ ಸಲ ಬದು ಒಡೆದಿರಲಿಲ್ಲ. ಪುಟ್ಟಮಾದಮ್ಮ ಗುದ್ದಲಿ ಹಿಡಿದು ಅದರ ಮೇಲೇ ನಿಂತಿದ್ದಳು.

ಮೇಲೆ ಮೊದಲ ಸಾಲು ಪಟಪಟನೆ ಮುರಿದದ್ದು ಕೆಳಗಿನವರೆಗೂ ಕೇಳಿಸಿತು. ಆಮೇಲೆ ಇನ್ನೊಂದು. “ಹೋಯ್ತು ಕಣಕ್ಕ” ಎಂದಳು ಚಿಕ್ಕಸಿದ್ದಮ್ಮ. ಈ ಸಲ ಅವಳ ದನಿಯಲ್ಲಿ ನಗೆಯಿರಲಿಲ್ಲ. ಹಳ್ಳ ಕೆಂಪಗೆ ಏರಿತು, ಬದುವಿಗೆ ಹಾಯ್ದಿತು, ಒಂದು ಮೂಲೆಯನ್ನು ಕಿತ್ತು ಒಳನುಗ್ಗಿತು. ಪುಟ್ಟಮಾದಮ್ಮ ಅಲ್ಲಿಗೆ ಓಡಿ ಮಣ್ಣೆಳೆದು ತುಂಬಿದಳು, ಮತ್ತೆ ಕಿತ್ತಿತು, ಮತ್ತೆ ತುಂಬಿದಳು. ಹಳ್ಳಕ್ಕೆ ಬೈದ ಬೈಗುಳ ಮಳೆಯ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಆ ದಡದಲ್ಲಿ ಒಂದು ಎಮ್ಮೆ ಎದ್ದು ಮನೆಗೆ ಹೊರಟಿತು.

ಮಧ್ಯಾಹ್ನಕ್ಕೆ ಮಳೆ ಸಡಿಲವಾಗಿ ನೀರು ಇಳಿಯಿತು. ಎಲ್ಲರೂ ಬಗ್ಗಿ ನೋಡಿದರು. ಕಿತ್ತ ಮೂಲೆಯಲ್ಲಿ ಬೊಗಸೆ ಬೊಗಸೆ ಕಲ್ಲು ಬಿದ್ದಿತ್ತು. ಉಳಿದಂತೆ ಗದ್ದೆಯ ತುಂಬ ಬೆರಳು ದಪ್ಪದ ನುಣ್ಣನೆ ಮಣ್ಣು. ಮೇಲಿನ ಸಾಲುಗಳು ಮುರಿದಿದ್ದವು, ಆದರೆ ಅವುಗಳ ಕೆಳಗಿನವು ಹೊಟ್ಟೆ ತುಂಬ ಜಲ್ಲಿ ನುಂಗಿ ನಿಂತಿದ್ದವು.

ಸೋಮಯ್ಯ ಮೂಲೆಯಿಂದ ಒಂದು ಹಿಡಿ ಕಲ್ಲು ಎತ್ತಿ ನಿಂಗಯ್ಯನ ಮುಂದೆ ಹಿಡಿದ. “ಇದೇನಯ್ಯ? ಜಲ್ಲಿ ತಾನೆ? ಮಾತು ಅಂದ್ರೆ ಮಾತು.”

ಊರೆಲ್ಲ ನಿಂಗಯ್ಯನ ಕಡೆ ತಿರುಗಿತು. ಪುಟ್ಟಮಾದಮ್ಮನೂ. ಬಾಯಿ ತೆರೆದವಳು ಮುಚ್ಚಿದಳು; ಆಡಿದ್ದು ಅವನ ಮಾತು, ಅವನೇ ಬಿಡಿಸಬೇಕಾಗಿತ್ತು. ನಿಂಗಯ್ಯ ಅಗಿಯುತ್ತಿದ್ದ ಅಡಿಕೆಯನ್ನು ಉಗಿದ. ಸೋಮಯ್ಯನ ಕೈಯಿಂದ ಕಲ್ಲುಗಳನ್ನು ಒಂದೊಂದಾಗಿ ಆರಿಸಿಕೊಂಡು ಹಳ್ಳಕ್ಕೆ ಎಸೆದ.

“ತುಂಬಿದ್ರೆ ಅಂದಿದ್ದೆ ಸೋಮಯ್ಯೋರೆ. ನೋಡಿ, ನಿಮ್ ಕೈಯೇ ತುಂಬ್ನಿಲ್ಲ.”

ಊರು ಘೊಳ್ಳೆಂದಿತು. ಸೋಮಯ್ಯ ಕೊಡೆ ಮಡಿಸಿದ, ಮಳೆ ಇನ್ನೂ ಹನಿಯುತ್ತಿದ್ದರೂ. ದಿಮ್ಮಿ ಪೇರಿಸಲು ಅವನಿಗೆ ಆಮೇಲೆ ಬೇರೆಲ್ಲೋ ಜಾಗ ಸಿಕ್ಕಿತು.

ಆ ವರ್ಷ ಗಂಡ ಹೆಂಡಿರು ಜಲ್ಲಿ ಎತ್ತಿ ತೆರವು ಮಾಡಿದ್ದ ಅರ್ಧ ಗದ್ದೆಗೆ ಮಾತ್ರ ನಾಟಿಯಾಯಿತು. ಇನ್ನರ್ಧ ಹಳೆಯ ಜಲ್ಲಿಯ ಕೆಳಗೇ ಇತ್ತು. ನಾಟಿ ಮುಗಿದ ಮಾರನೆಯ ಬೆಳಿಗ್ಗೆಯೇ ಪುಟ್ಟಮಾದಮ್ಮ ಮುರಿದ ಸಾಲುಗಳನ್ನು ಕಟ್ಟಲು ಹೊರಟಳು. ಬೇಲಿಯ ಹತ್ತಿರ ಚಿಕ್ಕಸಿದ್ದಮ್ಮ ಮಂಕರಿ ಹಿಡಿದು ನಿಂತಿದ್ದಳು. ಮಂಕರಿಯ ತುಂಬ ಸಾಲಿಗೆ ನೆಡಲು ಬಿದಿರಿನ ಮೊಳಕೆ ಗೆಡ್ಡೆ.

“ತಲೆ ಕೆಡ್ತಾ?” ಎಂದು ಕೇಳಿದಳು ಪುಟ್ಟಮಾದಮ್ಮ.

“ನಿನ್ ಗದ್ದೆ ಹೋದ್ರೆ ಜಲ್ಲಿ ನನ್ ಒಲಕ್ಕೆ ಬತ್ತದೆ ಕಣಕ್ಕ. ನಿನ್ ಮೇಲಿನ ಪ್ರೀತಿಗಲ್ಲ.”

“ಪ್ರೀತಿ ಯಾರ್ ಕೇಳಿದ್ರು? ಮುಂದ್ಕೆ ನಡಿ.”

ಅಲ್ಲಿಂದ ಮುಂದೆ ಆ ಊರಿನಲ್ಲಿ ಕೆರೆಗೋಡಿನ ಮೊದಲ ಮಂಕರಿಗೆ ಅರಿಶಿನ ಕುಂಕುಮ ಇಟ್ಟ ಮೇಲೆ ಹಿಡಿ ಮಣ್ಣು ಕೆರೆಗೆ, ಮಂಕರಿ ಮಣ್ಣು ಇಳಿಜಾರಿಗೆ ಎಂದಾಯಿತು. ಕರಿಹಳ್ಳ ಅವಳ ಕಾಲದಲ್ಲಿ ಮತ್ತೆ ಕಪ್ಪಾಗಲಿಲ್ಲ. ಹೆಚ್ಚೆಂದರೆ ಹಾಲು ಬಿದ್ದ ಕಾಫಿಯಾಯಿತು. ಕೆಲವು ವರ್ಷ ಸಂಕ್ರಾಂತಿಯವರೆಗೂ ಹರಿಯಿತು, ಕೆಲವು ವರ್ಷ ಕೈಕೊಟ್ಟಿತು. ಕೈಕೊಟ್ಟ ವರ್ಷಗಳಲ್ಲಿ ಮುದ್ದಯ್ಯ, ಟೊಪ್ಪಿ ಕಂಕುಳಲ್ಲಿಟ್ಟುಕೊಂಡು ಬಂದು, “ಇನ್ನಾದ್ರೂ ಬುಡು ಪುಟ್ಟಮಾದಮ್ಮ, ವಯಸ್ಸಾಯ್ತು, ಮಳೆ ಜೊತೆ ಏನು ಜಗಳ?” ಎನ್ನುತ್ತಿದ್ದ.

“ಮಳೆ ಜೊತೆ ಜಗ್ಳ ಇಲ್ಲ ಮುದ್ದಯ್ಯೋರೆ, ಅದು ಬೀಳ್ಲೇಬೇಕು” ಎನ್ನುತ್ತಿದ್ದಳು ಆಕೆ, ಕೊಂಬೆಯ ಒಂದು ತುದಿ ಎತ್ತಿ ಹಿಡಿದು. “ಬಿದ್ದಿದ್ದು ಓಡೋಗ್ತದಲ್ಲ, ಅದರ ಜೊತೆ ಜಗ್ಳ. ಸುಮ್ಕೆ ನಿಂತಿದ್ದೀರಲ್ಲ, ಆ ತುದಿ ಹಿಡ್ಕೊಳಿ.”

ಮುದ್ದಯ್ಯ ಟೊಪ್ಪಿಯನ್ನು ಬೊಡ್ಡೆಯ ಮೇಲಿಟ್ಟು ಆ ತುದಿ ಹಿಡಿಯುತ್ತಿದ್ದ. ಬೊಡ್ಡೆಯ ಅಂಚಿನಿಂದೆದ್ದ ಹೊನ್ನೆಯ ಹೊಸ ಚಿಗುರು ಅವನ ಟೊಪ್ಪಿಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳುತ್ತಿತ್ತು.